ಒಂಬತ್ತು ಪರದೆ, ಒಂದೇ ಚಿತ್ರ

(ಕೂಟದ ಶುಕ್ರವಾರದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

 

ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದು ಇಷ್ಟೇ: “ನೀವು ದಿನಾ ಮಾಡೋ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಿ, ನಮ್ಮ ಹುಡುಗರಿಗೆ ಉಪಯೋಗ ಆಗಬೇಕು.” ನನ್ನ ಕೆಲಸ ವಿಡಿಯೊ ವಾಲ್ ಕೂರಿಸೋದು. ಮಾಲ್‌ನಲ್ಲಿ, ಹೋಟೆಲ್ ಲಾಬಿಯಲ್ಲಿ, ಕಂಟ್ರೋಲ್ ರೂಮಿನಲ್ಲಿ ಹಲವು ಪರದೆ ಜೋಡಿಸಿ ಒಂದೇ ದೊಡ್ಡ ಪರದೆ ಮಾಡಿರ್ತಾರಲ್ಲ, ಅದು. ದೋಹಾದಲ್ಲಿ 2019ರಲ್ಲಿ ಮೆಟ್ರೊ ಶುರುವಾಯ್ತು, 2022ರಲ್ಲಿ ವಿಶ್ವಕಪ್ ಫುಟ್ಬಾಲ್ ನಡೀತು. ಆ ವರ್ಷಗಳಲ್ಲಿ ಈ ಊರಲ್ಲಿ ಎಲ್ಲಿ ನೋಡಿದರೂ ಪರದೆ ಏಳುತ್ತಿದ್ದದ್ದು ಇಲ್ಲಿ ಕೂತಿರೋ ಹಳಬರಿಗೆ ಗೊತ್ತು.

ಈ ಸಭೆಯಲ್ಲಿ ಎಲೆಕ್ಟ್ರಿಷಿಯನ್‌ಗಳಿದ್ದೀರಿ, ಎಸಿ ಮೆಕ್ಯಾನಿಕ್‌ಗಳಿದ್ದೀರಿ, ಜಿಪ್ಸಂ ಕೆಲಸದವರು, ಬಡಗಿಗಳು, ಲೋ ಕರೆಂಟ್ ಕೇಬಲ್ ಎಳೆಯುವವರು ಇದ್ದೀರಿ. ಒಂದು ವಿಡಿಯೊ ವಾಲ್‌ಗೆ ನಿಮ್ಮೆಲ್ಲರ ಕೈಯೂ ಬೇಕು. ಆದರೆ ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಬಂದು ಚಿತ್ರ ಬರಿಸುವವನಿಗೆ ಟೆಕ್ನಿಷಿಯನ್ ಅಂತ ಹೆಸರು, ಅದಕ್ಕೆ ತಕ್ಕ ಸಂಬಳ. ಉಳಿದವರೆಲ್ಲ ಹೆಲ್ಪರ್. ಅವನಿಗೆ ಗೊತ್ತಿರೋದು ಏನೂ ಮಂತ್ರವಿದ್ಯೆಯಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಮುಕ್ಕಾಲು ಪಾಲು ನಿಮಗೂ ಬರುತ್ತೆ. ಅದನ್ನೇ ಇವತ್ತು ಬಿಚ್ಚಿ ಹೇಳ್ತೀನಿ.

ಮೊದಲು ಕೇಳಬೇಕಾದ ಪ್ರಶ್ನೆ

ಸೈಟಿಗೆ ಹೋದ ಕೂಡಲೇ ಡ್ರಿಲ್ ಹಿಡಿಯಬೇಡಿ. ಒಂದು ಪ್ರಶ್ನೆ ಕೇಳಿ: ಈ ಗೋಡೆ ಮೇಲೆ ಯಾರು, ಏನನ್ನ, ಎಷ್ಟು ದೂರದಿಂದ, ದಿನಕ್ಕೆ ಎಷ್ಟು ಹೊತ್ತು ನೋಡ್ತಾರೆ?

ಮಾಲ್‌ನಲ್ಲಾದರೆ ಜನ ನಡೀತಾ ದೂರದಿಂದ ಜಾಹೀರಾತು ನೋಡ್ತಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಪರದೆಗೂ ವಿಶ್ರಾಂತಿ. ಕಂಟ್ರೋಲ್ ರೂಮಿನಲ್ಲಾದರೆ ಒಬ್ಬ ಆಪರೇಟರ್ ಎದುರಿಗೇ ಕೂತು ಅಂಕಿ, ನಕ್ಷೆ, ಕ್ಯಾಮೆರಾ ಚಿತ್ರ ನೋಡ್ತಾನೆ, ಅದೂ 24 ಗಂಟೆ. ಎರಡೂ ಕಡೆ ಅದೇ ಒಂಬತ್ತು ಪರದೆ ಇರಬಹುದು. ಆದರೆ ಕೇಬಲ್ ಹಾಕುವ ರೀತಿಯಿಂದ ಹಿಡಿದು ಬೆಳಕಿನ ಮಟ್ಟದವರೆಗೆ ಸೆಟ್ಟಿಂಗ್ ಬೇರೆ ಬೇರೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ನಾನು ಹೇಳೋದೆಲ್ಲ ಇದರಿಂದಲೇ ಹುಟ್ಟುತ್ತೆ.

ಅಳತೆಯ ಲೆಕ್ಕ

ಹೆಚ್ಚಾಗಿ ಬಳಸುವ 55 ಇಂಚಿನ ಪ್ಯಾನಲ್ ತಗೊಳ್ಳೋಣ. ಚಿತ್ರ ಬರುವ ಜಾಗ 1209.6 ಮಿಲಿಮೀಟರ್ ಅಗಲ, 680.4 ಮಿಲಿಮೀಟರ್ ಎತ್ತರ. ಅದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ, ಅಂದ್ರೆ ಪಿಕ್ಸೆಲ್. 1209.6ನ್ನು 1920ರಿಂದ ಭಾಗಿಸಿ: ಒಂದು ಪಿಕ್ಸೆಲ್‌ಗೆ 0.63 ಮಿಲಿಮೀಟರ್. ಈ ಸಂಖ್ಯೆ ಮನಸ್ಸಲ್ಲಿರಲಿ, ಆಮೇಲೆ ಬೇಕಾಗುತ್ತೆ.

ಎರಡಕ್ಕೆ ಎರಡು, ಅಂದ್ರೆ ನಾಲ್ಕು ಪ್ಯಾನಲ್ ಇಟ್ಟರೆ 3840 x 2160 ಪಿಕ್ಸೆಲ್ ಆಗುತ್ತೆ, ಸರಿಯಾಗಿ ಒಂದು 4ಕೆ ಚಿತ್ರ. ಮೂರಕ್ಕೆ ಮೂರು ಇಟ್ಟರೆ 5760 x 3240. ಅಲ್ಲಿಗೆ 4ಕೆ ಚಿತ್ರ ಕೊಟ್ಟರೆ ಅದು ಒಂದೂವರೆ ಪಟ್ಟು ಹಿಗ್ಗುತ್ತೆ. ಜಾಹೀರಾತಿಗೆ ತೊಂದರೆ ಇಲ್ಲ. ಸಣ್ಣ ಅಕ್ಷರ ಓದುವವನಿಗೆ ಮಸುಕು ಮಸುಕು.

ಅಡ್ಡ ಸಾಲು, ಉದ್ದ ಸಾಲು ಸಮ ಇದ್ದರೆ ಗೋಡೆಯ ಆಕಾರ ಟಿವಿಯ ಆಕಾರವೇ ಇರುತ್ತೆ. ನಾಲ್ಕು ಅಗಲ, ಎರಡು ಎತ್ತರ ಅಂತ ಇಟ್ಟರೆ ಗೋಡೆ ಟಿವಿಗಿಂತ ಎರಡರಷ್ಟು ಅಗಲ. ಮಾಮೂಲಿ ವಿಡಿಯೊ ಹಾಕಿದರೆ ಮುಖಗಳೆಲ್ಲ ದೋಸೆ ಥರ ಅಗಲ ಆಗ್ತವೆ, ಇಲ್ಲಾ ಎರಡೂ ಬದಿ ಕಪ್ಪು ಬಿಡಬೇಕು. ಇದನ್ನು ಗಿರಾಕಿಗೆ ಮೊದಲೇ ಹೇಳಬೇಕು. ಪ್ಯಾನಲ್ ಏರಿಸಿದ ಮೇಲೆ ಹೇಳಿದರೆ ಜಗಳ.

ಕಬ್ಬಿಣ, ರಸಮಟ್ಟ, ಗಾಜು

ಮೂರಕ್ಕೆ ಮೂರರ ಗೋಡೆ ಸುಮಾರು 3.64 ಮೀಟರ್ ಅಗಲ, 2.05 ಮೀಟರ್ ಎತ್ತರ. ಪ್ಯಾನಲ್, ಅದರ ಬ್ರಾಕೆಟ್ ಎರಡೂ ಸೇರಿ ಒಂಬತ್ತಕ್ಕೆ ಕೆಲವು ನೂರು ಕಿಲೊ ತೂಕ. ಬರೀ ಜಿಪ್ಸಂ ಬೋರ್ಡು ಇದನ್ನು ತಡೆಯಲ್ಲ. ಹಿಂದೆ ಕಾಂಕ್ರೀಟ್ ಇರಬೇಕು, ಇಲ್ಲಾ ಕಬ್ಬಿಣದ ಚೌಕಟ್ಟು ನೆಲಕ್ಕೂ ಸ್ಲ್ಯಾಬಿಗೂ ಕಟ್ಟಿರಬೇಕು. ಜಿಪ್ಸಂ ಕೆಲಸದವರು ಬೋರ್ಡು ಮುಚ್ಚುವ ಮುಂಚೆಯೇ ಚೌಕಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕೆಳಗಿನ ಸಾಲಿನಿಂದ ಶುರು ಮಾಡಿ, ಅದರಲ್ಲೂ ನಡುವಿನ ಪ್ಯಾನಲ್‌ನಿಂದ. ಮೊದಲನೇದು ರಸಮಟ್ಟದಲ್ಲಿ ಒಂದು ಮಿಲಿಮೀಟರ್ ವಾರೆ ಆದರೆ ಮೇಲಿನ ಮೂಲೆಗೆ ಹೋಗುವಷ್ಟರಲ್ಲಿ ಅದು ಕಣ್ಣಿಗೆ ಹೊಡೆಯುತ್ತೆ. ಲೇಸರ್ ಇದ್ದರೆ ಬಳಸಿ, ಇಲ್ಲದಿದ್ದರೆ ನಮ್ಮೂರಿನ ಗಾರೆ ಕೆಲಸದವರ ದಾರವೂ ಆಗುತ್ತೆ. ಪ್ಯಾನಲ್ ಪ್ಯಾನಲ್ ಮಧ್ಯೆ ಕಂಪನಿ ಹೇಳಿದಷ್ಟು ಸಂದು ಬಿಡಿ. ಬಿಸಿಗೆ ಪ್ಯಾನಲ್ ಹಿಗ್ಗುತ್ತೆ. ಒತ್ತಿ ಕೂರಿಸಿದರೆ ಒಂದು ವಾರ ಚೆನ್ನಾಗಿರುತ್ತೆ, ಆಮೇಲೆ ಮೂಲೆಯಲ್ಲಿ ಬಿರುಕು.

ಈ ಪ್ಯಾನಲ್‌ಗಳಿಗೆ ಮನೆ ಟಿವಿಯ ಹಾಗೆ ದಪ್ಪ ಚೌಕಟ್ಟಿಲ್ಲ. ಅಂಚು ಅಂದ್ರೆ ಹೆಚ್ಚುಕಮ್ಮಿ ಗಾಜೇ. ಮೂಲೆ ಹಿಡಿದು ಎತ್ತಬೇಡಿ, ಮುಖ ಕೆಳಗೆ ಮಾಡಿ ನೆಲಕ್ಕೆ ಇಡಬೇಡಿ, ಒಬ್ಬರೇ ಹೊರಬೇಡಿ. ಇಬ್ಬರು, ನೆಟ್ಟಗೆ ನಿಲ್ಲಿಸಿಕೊಂಡು. ಇನ್ನೊಂದು ಮಾತು ಒತ್ತಿ ಹೇಳ್ತೀನಿ: ಪೆಟ್ಟಿಗೆ ಬಿಚ್ಚುವ ಮುಂಚೆ ಪೆಟ್ಟಿಗೆಯ ಫೋಟೋ, ಬಿಚ್ಚಿದ ಮೇಲೆ ನಾಲ್ಕೂ ಮೂಲೆಯ ಫೋಟೋ, ಸೀರಿಯಲ್ ನಂಬರ್ ಸಮೇತ. ಏರಿಸುವ ಮುಂಚೆ ನೆಲದ ಮೇಲೇ ನಿಲ್ಲಿಸಿ ಕರೆಂಟ್ ಕೊಟ್ಟು ನೋಡಿ. ದಾರಿಯಲ್ಲೇ ಒಡೆದು ಬಂದ ಪ್ಯಾನಲ್‌ನ ದುಡ್ಡು ಕೂರಿಸಿದ ಹುಡುಗನ ಸಂಬಳದಲ್ಲಿ ಮುರಿಯೋ ಮಾತು ಬರೋದನ್ನು ನಾನು ಕಣ್ಣಾರೆ ನೋಡಿದ್ದೀನಿ. ಆಗ ಬಾಯಿಮಾತು ಯಾರೂ ಕೇಳಲ್ಲ. ತಾರೀಖು, ಸಮಯ ಇರೋ ಫೋಟೋ ಕೇಳ್ತಾರೆ.

ಕರೆಂಟು ಮತ್ತು ಬಿಸಿ

ಪ್ಯಾನಲ್ ಹಿಂದಿನ ಪಟ್ಟಿಯಲ್ಲಿ ಎಷ್ಟು ವ್ಯಾಟ್ ಅಂತ ಬರೆದಿರುತ್ತೆ. 200 ವ್ಯಾಟ್ ಅಂತ ಇಟ್ಟುಕೊಳ್ಳಿ. ಒಂಬತ್ತಕ್ಕೆ 1800 ವ್ಯಾಟ್. ಇಲ್ಲಿನ 240 ವೋಲ್ಟ್‌ಗೆ ಲೆಕ್ಕ ಹಾಕಿದರೆ 7.5 ಆಂಪಿಯರ್. “ಅಯ್ಯೋ, ಇಷ್ಟೇನಾ, ಒಂದು ಲೈನ್ ಸಾಕು” ಅಂತ ಎಲೆಕ್ಟ್ರಿಷಿಯನ್‌ಗೆ ಅನ್ನಿಸುತ್ತೆ. ಆದರೆ ಒಂಬತ್ತೂ ಒಂದೇ ಕ್ಷಣಕ್ಕೆ ಆನ್ ಆದಾಗ ಪವರ್ ಸಪ್ಲೈಗಳು ಒಮ್ಮೆಗೇ ಎಳೆಯುವ ಕರೆಂಟು ಇದರ ಎಷ್ಟೋ ಪಟ್ಟು. ಒಂದೊಂದಾಗಿ ಆನ್ ಮಾಡಿದರೆ ಸರಿ, ಮೇನ್ ಹಾಕಿದರೆ ಬ್ರೇಕರ್ ಬೀಳುತ್ತೆ ಅನ್ನೋ ದೂರಿಗೆ ಕಾರಣ ಇದೇ. ಜೊತೆಗೆ ಪ್ರತಿ ಪವರ್ ಸಪ್ಲೈಯಿಂದಲೂ ಅರ್ಥ್‌ಗೆ ಚೂರು ಚೂರು ಲೀಕೇಜ್ ಇರುತ್ತೆ. ಒಂಬತ್ತೂ ಸೇರಿ ಲೀಕೇಜ್ ಬ್ರೇಕರನ್ನು ಬೀಳಿಸಬಹುದು. ಆದ್ದರಿಂದ ಸಾಲಿಗೊಂದು ಲೈನ್ ಕೊಡಿ. ಪ್ಯಾನಲ್ ಮೆನುವಿನಲ್ಲಿ ತಡವಾಗಿ ಆನ್ ಆಗುವ ಸೆಟ್ಟಿಂಗ್, ಪವರ್ ಆನ್ ಡಿಲೇ ಅಂತ ಇರುತ್ತೆ. ಅದರಲ್ಲಿ ಒಂದೊಂದಕ್ಕೂ ಒಂದೊಂದು ಸಮಯ ಕೊಡಿ.

ಎಸಿ ಅಣ್ಣಂದಿರಿಗೆ: 1800 ವ್ಯಾಟ್ ಅಂದ್ರೆ ಗಂಟೆಗೆ ಸುಮಾರು 6140 ಬಿಟಿಯು ಬಿಸಿ. ಒಂದು ಟನ್ನಿಗೆ 12000. ಅಂದ್ರೆ ಗೋಡೆ ಹಿಂದೆ ಅರ್ಧ ಟನ್ನಿನ ಒಲೆ ಉರೀತಾ ಇದೆ ಅಂತ ಲೆಕ್ಕ. ಕೆಳಗೆ ಗಾಳಿ ಒಳಗೆ ಬರೋಕೆ, ಮೇಲೆ ಹೊರಗೆ ಹೋಗೋಕೆ ದಾರಿ ಬಿಡದೆ ಸುತ್ತ ಅಂದವಾಗಿ ಮರದ ಪೆಟ್ಟಿಗೆ ಕಟ್ಟಿದರೆ ಮೇಲಿನ ಸಾಲು ಮೊದಲು ಹೋಗುತ್ತೆ.

ಚಿತ್ರ ತಲುಪುವ ಮೂರು ದಾರಿ

ಮೊದಲನೇದು ಸರಪಳಿ. ಒಂದು ಕೇಬಲ್ ಮೊದಲನೇ ಪ್ಯಾನಲ್‌ಗೆ, ಅದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಎಲ್ಲಾ ಪ್ಯಾನಲ್‌ಗೂ ಪೂರ್ತಿ ಚಿತ್ರ ಹೋಗುತ್ತೆ, ತನ್ನ ಪಾಲಿನ ತುಂಡನ್ನು ಪ್ರತಿಯೊಂದೂ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತೆ. ಇದಕ್ಕೆ ಟೈಲ್ ಮೋಡ್ ಅಂತಾರೆ. ಖರ್ಚು ಕಮ್ಮಿ, ಮಾಲ್‌ಗೆ ಸಾಕು. ಆದರೆ ನಡುವೆ ಒಂದು ಪ್ಯಾನಲ್‌ನ ಬೋರ್ಡು ಕೆಟ್ಟರೆ ಅದರ ಮುಂದಿನವೆಲ್ಲ ಕತ್ತಲು.

ಎರಡನೇದು ಕಂಟ್ರೋಲರ್. ಹತ್ತಾರು ಕಡೆಯಿಂದ ಬರೋ ಚಿತ್ರ ಒಂದು ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಪ್ರತಿ ಪ್ಯಾನಲ್‌ಗೂ ಬೇರೆ ಬೇರೆ ಕೇಬಲ್. ಯಾವ ಚಿತ್ರವನ್ನು ಗೋಡೆಯ ಯಾವ ಜಾಗಕ್ಕಾದರೂ ಕಿಟಕಿ ಥರ ಇಡಬಹುದು. ಒಂದು ಪ್ಯಾನಲ್ ಹೋದರೂ ಉಳಿದ ಎಂಟು ನಡೀತವೆ. ಕಂಟ್ರೋಲ್ ರೂಮಿಗೆ ಇದೇ ಬೇಕು.

ಮೂರನೇದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು. ಹಲವು ಔಟ್‌ಪುಟ್ ಇರೋ ಕಾರ್ಡಿನಲ್ಲಿ ಎನ್ವಿಡಿಯಾದ ಮೊಸಾಯಿಕ್, ಎಎಂಡಿಯ ಐಫಿನಿಟಿ ಅನ್ನೋ ವ್ಯವಸ್ಥೆ ಎಲ್ಲಾ ಪರದೆಯನ್ನೂ ಸೇರಿಸಿ ವಿಂಡೋಸ್‌ಗೆ ಒಂದೇ ಪರದೆ ಅಂತ ತೋರಿಸುತ್ತೆ. ಒಂದಕ್ಕಿಂತ ಹೆಚ್ಚು ಕಾರ್ಡು ಹಾಕಿದರೆ ಅವುಗಳ ತಾಳ ಕೂಡಿಸೋಕೆ ಬೇರೆ ಸಿಂಕ್ ಕಾರ್ಡು ಬೇಕಾಗುತ್ತೆ. ತಾಳ ತಪ್ಪಿದ್ದು ನಿಂತ ಚಿತ್ರದಲ್ಲಿ ಕಾಣಲ್ಲ, ಓಡುವ ಅಕ್ಷರ ಸಂದು ದಾಟುವಾಗ ತುಂಡಾಗಿ ಕಾಣುತ್ತೆ. ಪರೀಕ್ಷೆಗೆ ಇಂಗ್ಲಿಷ್ ಸಾಲೂ ಓಡಿಸಿ, ಅರಬ್ಬಿ ಸಾಲೂ ಓಡಿಸಿ. ಎರಡೂ ಎದುರುಬದುರು ದಿಕ್ಕಿಗೆ ಓಡುತ್ತವೆ.

ಕೇಬಲ್ ಎಳೆಯುವವರಿಗೆ ಎರಡು ಮಾತು. 4ಕೆ ಚಿತ್ರ, ಸೆಕೆಂಡಿಗೆ 60 ಸಲ ಅಂದ್ರೆ ಸಾದಾ ಎಚ್.ಡಿ.ಎಂ.ಐ. ತಾಮ್ರದ ಕೇಬಲನ್ನು ಐದಾರು ಮೀಟರ್ ಆಚೆ ನಂಬಬೇಡಿ. ಅದಕ್ಕಿಂತ ದೂರಕ್ಕೆ ಎಚ್.ಡಿ.ಬೇಸ್-ಟಿ ಪೆಟ್ಟಿಗೆ ಹಾಕಿ ನೆಟ್‌ವರ್ಕ್ ಕೇಬಲ್, ಇಲ್ಲಾ ಆಪ್ಟಿಕಲ್ ಎಚ್.ಡಿ.ಎಂ.ಐ. ಈ ಆಪ್ಟಿಕಲ್ ಕೇಬಲ್‌ಗೆ ತಲೆ ಬೇರೆ, ಬಾಲ ಬೇರೆ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತೆ. ಉಲ್ಟಾ ಎಳೆದು ಸೀಲಿಂಗ್ ಮುಚ್ಚಿದರೆ ಚಿತ್ರ ಬರಲ್ಲ. ಎಳೆಯುವ ಮುಂಚೆ ನೆಲದ ಮೇಲೆ ಹಾಕಿ ಪರೀಕ್ಷೆ ಮಾಡಿ.

ಚಿತ್ರ ಬರದೇ ಇದ್ದಾಗ ಮೊದಲು ನೋಡಬೇಕಾದ್ದೂ ಎರಡು. ಪ್ಯಾನಲ್ ತಾನು ಎಷ್ಟು ಅಳತೆಯದು ಅಂತ ಒಂದು ಚೀಟಿ ಕಂಪ್ಯೂಟರಿಗೆ ಕಳಿಸುತ್ತೆ, ಅದು ಇ.ಡಿ.ಐ.ಡಿ. ಕರೆಂಟ್ ಹೋಗಿ ಬಂದಾಗ ಪ್ಯಾನಲ್ ಏಳುವ ಮುಂಚೆ ಕಂಪ್ಯೂಟರ್ ಎದ್ದರೆ ಚೀಟಿ ಸಿಗಲ್ಲ, ಅದು ತನಗೆ ತೋಚಿದ ಅಳತೆ ಹಿಡಿಯುತ್ತೆ. ಕಂಟ್ರೋಲರಿನಲ್ಲೋ ಡ್ರೈವರಿನಲ್ಲೋ ಆ ಚೀಟಿಯನ್ನು ಕಾಯಂ ಮಾಡಿಡಿ, ಕಂಪ್ಯೂಟರನ್ನು ಕೊನೆಗೆ ಆನ್ ಮಾಡಿ. ಎರಡನೇದು ಎಚ್.ಡಿ.ಸಿ.ಪಿ., ಅಂದ್ರೆ ಕಾಪಿ ಮಾಡದ ಹಾಗೆ ಹಾಕಿದ ಬೀಗ. ಲ್ಯಾಪ್‌ಟಾಪಿನ ಸ್ಲೈಡ್ ಬರುತ್ತೆ, ಟಿವಿ ಬಾಕ್ಸ್ ಹಾಕಿದರೆ ಕಪ್ಪು ಅಂದ್ರೆ ನಡುವಿನ ಯಾವುದೋ ಪೆಟ್ಟಿಗೆಗೆ ಆ ಬೀಗದ ಕೈ ಇಲ್ಲ ಅಂತ ಅರ್ಥ.

ನಂಬರು ಹಾಕೋದು

ಪ್ರತಿ ಪ್ಯಾನಲ್‌ಗೂ ಐಡಿ ನಂಬರ್ ಬೇಕು. ಎದುರಿಗೆ ನಿಂತು ನೋಡಿ: ಮೇಲೆ ಎಡಗಡೆಯದು 1, ಅದರ ಬಲಕ್ಕೆ 2, 3. ಮುಂದಿನ ಸಾಲು ಮತ್ತೆ ಎಡದಿಂದ 4, 5, 6. ಆಮೇಲೆ ಮೆನುವಿನಲ್ಲಿ ಅಡ್ಡ 3, ಉದ್ದ 3, ಈ ಪ್ಯಾನಲ್ ಎಷ್ಟನೇದು ಅಂತ ತುಂಬಿಸಿದರೆ ಅದು ತನ್ನ ತುಂಡನ್ನು ತಾನೇ ಕತ್ತರಿಸಿಕೊಳ್ಳುತ್ತೆ. ಹಿಂದಿನಿಂದ ಕೆಲಸ ಮಾಡೋ ಗೋಡೆಯಾದರೆ ನಿಮ್ಮ ಎಡ ಅದರ ಬಲ ಅನ್ನೋದು ಮರೀಬೇಡಿ. ಅದಕ್ಕೇ ಪ್ಯಾನಲ್ ಬೆನ್ನಿಗೆ, ಕೇಬಲ್‌ನ ಎರಡೂ ತುದಿಗೆ ಅದೇ ನಂಬರಿನ ಸ್ಟಿಕ್ಕರ್ ಅಂಟಿಸಿ. ಟೀಮಿನಲ್ಲಿ ನೇಪಾಳಿ, ಬಂಗಾಳಿ, ಮಲಯಾಳಿ, ತಮಿಳರು ಎಲ್ಲಾ ಇರ್ತಾರೆ. “ಆ ಕಡೆಯದು, ಈ ಕಡೆಯದು” ಅಂದ್ರೆ ಗೊಂದಲ, “ಏಳು” ಅಂದ್ರೆ ಎಲ್ಲರಿಗೂ ಏಳೇ.

ಸಂದಿನ ಲೆಕ್ಕ

ಈಗ ಮುಖ್ಯ ಮಾತಿಗೆ ಬಂದೆ. ಎರಡು ಪ್ಯಾನಲ್‌ನ ಚಿತ್ರದ ನಡುವೆ ಕಪ್ಪು ಗೆರೆ ಇರುತ್ತೆ, ಬೆಜಲ್ ಅಂತೀವಿ. ಹಳೇ ಮಾಡೆಲ್‌ಗಳಲ್ಲಿ 3.5 ಮಿಲಿಮೀಟರ್ ಸಾಮಾನ್ಯ, ಹೊಸದರಲ್ಲಿ 1.8, ಇನ್ನೂ ದುಬಾರಿಯದರಲ್ಲಿ 0.88. ಆ 0.63 ನೆನಪಿದೆಯಲ್ಲ? 3.5ನ್ನು 0.63ರಿಂದ ಭಾಗಿಸಿ. ಐದೂವರೆ ಪಿಕ್ಸೆಲ್ ಅಗಲದ ಕಪ್ಪು ಗೆರೆ.

ಸುಮ್ಮನೆ ಚಿತ್ರ ಹಂಚಿದರೆ ಓರೆ ಗೆರೆ ಸಂದಿನ ಹತ್ತಿರ ಮೆಟ್ಟಿಲಿನ ಹಾಗೆ ಮುರಿದು ಕಾಣುತ್ತೆ, ವೃತ್ತ ಸಂದಿನಲ್ಲಿ ಸೀಳಿದ ಹಾಗಿರುತ್ತೆ. ಅದಕ್ಕೆ ಬೆಜಲ್ ಕಾಂಪೆನ್ಸೇಷನ್ ಅನ್ನೋ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಆ ಕಪ್ಪು ಗೆರೆಯ ಹಿಂದೆಯೂ ಚಿತ್ರ ಇದೆ ಅನ್ನೋ ಲೆಕ್ಕದಲ್ಲಿ ಹಂಚುತ್ತೆ. ಕಿಟಕಿಯ ಸರಳಿನಾಚೆ ನೋಡಿದ ಹಾಗೆ. ಗೆರೆ ನೇರ, ವೃತ್ತ ಗುಂಡಗೆ, ಮುಖ ಮುಖದ ಹಾಗೆ. ಮಾಲ್‌ಗೆ ಇದು ಹಾಕಲೇಬೇಕು.

ಆದರೆ ಯೋಚನೆ ಮಾಡಿ. ಸರಳಿನ ಹಿಂದೆ ಹೋದ ಚಿತ್ರ ಎಲ್ಲಿ ಹೋಯ್ತು? ಎಲ್ಲೂ ಇಲ್ಲ, ಯಾರಿಗೂ ಕಾಣಲ್ಲ. ಮೂರಕ್ಕೆ ಮೂರರ ಗೋಡೆಗೆ 4ಕೆ ಚಿತ್ರ ಕೊಟ್ಟಾಗ ಪ್ರತಿ ಸಂದಿನಲ್ಲೂ ಮೂಲ ಚಿತ್ರದ ಮೂರು ನಾಲ್ಕು ಪಿಕ್ಸೆಲ್ ಮಾಯ. ಹೂವಿನ ಚಿತ್ರದಲ್ಲಿ ಅಷ್ಟು ಹೋದರೆ ಏನೂ ಇಲ್ಲ. ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಸಣ್ಣ ಅಕ್ಷರದ ದಶಾಂಶ ಬಿಂದು ಎರಡು ಮೂರು ಪಿಕ್ಸೆಲ್‌ಗಿಂತ ದೊಡ್ಡದಿರಲ್ಲ. 12.5 ಅನ್ನೋ ಅಂಕಿಯ ಬಿಂದು ಸಂದಿನ ಹಿಂದೆ ಹೋದರೆ ಆಪರೇಟರಿಗೆ ಕಾಣೋದು 12, ಒಂದು ಕಪ್ಪು ಗೆರೆ, 5. ರಾತ್ರಿ ಪಾಳಿಯ ಮೂರು ಗಂಟೆಗೆ ಅವನು ಅದನ್ನು ಏನಂತ ಓದ್ತಾನೆ? ಅವನೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಬಂದವನು. ಅವನು ಓದಿದ ಅಂಕಿಯ ಮೇಲೆ ಪೈಪಿನ ಹತ್ತಿರ ನಿಂತಿರೋ ಇನ್ನೊಬ್ಬನ ಜೀವ ನಿಂತಿರಬಹುದು.

ಆದ್ದರಿಂದ ಅಂಕಿ ತೋರಿಸುವ ಗೋಡೆಯಲ್ಲಿ ಬೆಜಲ್ ಕಾಂಪೆನ್ಸೇಷನ್ ತೆಗೆದುಬಿಡಿ. ಅದಕ್ಕಿಂತ ಒಳ್ಳೇದು, ಅಂಕಿಯ ಕಿಟಕಿ ಸಂದು ದಾಟದ ಹಾಗೆ ಒಂದೇ ಪ್ಯಾನಲ್ ಒಳಗೆ ಕೂರಿಸಿ. ಕ್ಯಾಮೆರಾ ಚಿತ್ರದ ತಾರೀಖು, ಗಂಟೆಯೂ ಸಂದಿನ ಮೇಲೆ ಬರಬಾರದು. ಚಿತ್ರಕ್ಕೆ ಹಾಕು, ಅಂಕಿಗೆ ತೆಗಿ. ಇಷ್ಟು ಬಾಯಿಪಾಠ ಮಾಡಿಕೊಂಡರೆ ಸಾಕು. ಹಸ್ತಾಂತರ ಮಾಡುವ ಮುನ್ನ ಆಪರೇಟರನ್ನೇ ಅವನ ಕುರ್ಚಿಯಲ್ಲಿ ಕೂರಿಸಿ, ಎಲ್ಲಾ ಅಂಕಿಯನ್ನೂ ಗಟ್ಟಿಯಾಗಿ ಓದಿಸಿ. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಬಣ್ಣ, ಬೆಳಕು

ಒಂದೇ ಮಾಡೆಲ್, ಒಂದೇ ಪೆಟ್ಟಿಗೆ ಗುಂಪಿನಲ್ಲಿ ಬಂದರೂ ಒಂಬತ್ತು ಪ್ಯಾನಲ್ ಒಂಬತ್ತು ಬಣ್ಣ. ಮೊದಲು ಬೆಳಕನ್ನು ತಾನಾಗೇ ಏರಿಸಿ ಇಳಿಸುವ ಸೆಟ್ಟಿಂಗ್, ಕರೆಂಟ್ ಉಳಿಸುವ ಸೆಟ್ಟಿಂಗ್ ಎಲ್ಲಾ ತೆಗೀರಿ. ಕನಿಷ್ಠ ಅರ್ಧ ಗಂಟೆ ಉರಿಯೋಕೆ ಬಿಡಿ. ಆಮೇಲೆ ಪೂರ್ತಿ ಬಿಳಿಗಿಂತ ಬೂದು ಬಣ್ಣ ಹಾಕಿ ನೋಡಿ, ವ್ಯತ್ಯಾಸ ಬೇಗ ಸಿಗುತ್ತೆ. ಎಲ್ಲಕ್ಕಿಂತ ಮಂಕಾಗಿರೋದು ಯಾವುದೋ ಅದಕ್ಕೆ ಉಳಿದವನ್ನು ಇಳಿಸಿ. ಮಂಕಾದದ್ದನ್ನು ಏರಿಸೋಕೆ ಹೋಗಬೇಡಿ, ಅದರ ಹತ್ತಿರ ಏರೋಕೆ ಜಾಗವೇ ಇರಲ್ಲ. ಬಣ್ಣ ಅಳೆಯುವ ಮೀಟರ್ ಇದ್ದರೆ 6500 ಕೆಲ್ವಿನ್‌ಗೆ ಹೊಂದಿಸಿ. ಇಲ್ಲದಿದ್ದರೆ ಪ್ರತಿ ಪ್ಯಾನಲ್‌ಗೂ ನೇರ ಎದುರು ನಿಂತು ನೋಡಿ, ಓರೆಯಿಂದ ನೋಡಿದರೆ ಬಣ್ಣ ಮೋಸ ಮಾಡುತ್ತೆ.

24 ಗಂಟೆ ನಡೆಯೋ ಗೋಡೆ ವರ್ಷಕ್ಕೆ 8760 ಗಂಟೆ ಉರಿಯುತ್ತೆ. ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಯೋಕೆ 50000 ಗಂಟೆ ಅಂತ ಬರೆದಿದ್ದರೆ ಆರು ವರ್ಷ ತುಂಬಲ್ಲ. ಮಬ್ಬು ಬೆಳಕಿನ ಕೋಣೆಯಲ್ಲಿ ಪೂರ್ತಿ ಬೆಳಕು ಬೇಕಾಗೂ ಇಲ್ಲ, ಆಪರೇಟರಿನ ಕಣ್ಣಿಗೂ ಕಷ್ಟ. ಇಳಿಸಿಡಿ. ಅದೇ ಜಾಗದಲ್ಲಿ ಅದೇ ಲೋಗೊ ಹಗಲು ರಾತ್ರಿ ನಿಂತರೆ ಅದರ ನೆರಳು ಪರದೆಯಲ್ಲಿ ಉಳಿಯುತ್ತೆ. ಚಿತ್ರವನ್ನು ಆಗಾಗ ಚೂರು ಜರುಗಿಸುವ ಸೆಟ್ಟಿಂಗ್ ಹಾಕಿಡಿ.

ಬರೆದಿಡಿ, ಅದೇ ನಿಮ್ಮ ಆಸ್ತಿ

ಕೆಲಸ ಮುಗಿದ ದಿನ ಒಂದು ಹಾಳೆಯಲ್ಲಿ ಬರೀರಿ: ಪ್ಯಾನಲ್ ನಂಬರು, ಸೀರಿಯಲ್ ನಂಬರು, ಕೇಬಲ್ ದಾರಿ, ಯಾವ ಬ್ರೇಕರ್, ಆನ್ ಆಗುವ ಸಮಯ, ಬೆಜಲ್ ಎಷ್ಟು, ಬಣ್ಣದ ಅಂಕಿ ಎಷ್ಟು. ಒಂದು ಪ್ರತಿ ಗಿರಾಕಿಗೆ, ಒಂದು ಕಂಪನಿಗೆ. ಪಾಸ್‌ವರ್ಡು, ಗಿರಾಕಿಯ ನಕ್ಷೆ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಅದು ಅವರದು. ಆದರೆ “ಮೂರಕ್ಕೆ ಮೂರು ಗೋಡೆ, ಹೀಗೆ ತೊಂದರೆ ಬಂತು, ಹೀಗೆ ಸರಿಯಾಯ್ತು” ಅನ್ನೋ ನಿಮ್ಮ ಅನುಭವ ನಿಮ್ಮದು. ಅದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಮುಂದಿನ ಇಂಟರ್‌ವ್ಯೂನಲ್ಲಿ ಅದೇ ನಿಮ್ಮ ಕೈ ಹಿಡಿಯೋದು.

ಇಂಗ್ಲಿಷ್ ಒಂದಿಷ್ಟು ಓದೋಕೆ ಬರುವವರು ಅವಿಕ್ಸಾ ಸಂಸ್ಥೆಯ ಸಿ.ಟಿ.ಎಸ್. ಪರೀಕ್ಷೆಯ ಕಡೆ ನೋಡಿ. ಈ ಉದ್ಯೋಗದಲ್ಲಿ ಹಲವು ದೇಶಗಳಲ್ಲಿ ಅದಕ್ಕೆ ಬೆಲೆ ಇದೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಊರಿಗೆ ವಾಪಸ್ ಹೋಗೋ ಯೋಚನೆ ಇರುವವರಿಗೂ ಇದು ವ್ಯರ್ಥ ಅಲ್ಲ. 2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು ಸೇರಿದವು. ಆ ಯೋಜನೆಯ ಕಮಾಂಡ್ ಸೆಂಟರುಗಳಲ್ಲಿ ಇರೋದೂ ಇದೇ ಗೋಡೆ, ಇದೇ ಸಂದು, ಇದೇ ಲೆಕ್ಕ.

ಕೊನೇದಾಗಿ ಒಂದು ಕೋರಿಕೆ. ನಾಳೆ ಸೈಟಿನಲ್ಲಿ ಇಂಜಿನಿಯರ್ ಮೆನು ತೆರೆದಾಗ ದೂರ ನಿಂತು ಟೂಲ್ ಬ್ಯಾಗ್ ಕಟ್ಟಬೇಡಿ. ಹತ್ತಿರ ಹೋಗಿ, “ಸಾರ್, ಇಲ್ಲಿ ಬೆಜಲ್ ಎಷ್ಟು ಕೊಟ್ಟಿದ್ದೀರಿ, ಇದು ಅಂಕಿ ನೋಡೋ ಗೋಡೆ ಅಲ್ವಾ?” ಅಂತ ಕೇಳಿ. ಬೈದರೂ ಒಂದು ದಿನ ಬೈತಾರೆ. ಆ ಪ್ರಶ್ನೆ ಕೇಳೋಕೆ ಬಂದವನನ್ನು ಜಾಸ್ತಿ ದಿನ ಯಾರೂ ಹೆಲ್ಪರ್ ಅಂತ ಕರೆಯೋಕಾಗಲ್ಲ.